ಒಂದು ತಗ್ಗು ಮಡಿ, ಮೂರು ಮಡಕೆ, ಅರ್ಧ ಇಂಚಿನ ಜಾಲರಿ

2023ರ ಡಿಸೆಂಬರ್ ಮೊದಲ ವಾರ ಬದನೆ ಸಸಿಗಳ ಬುಡಕ್ಕೆ ಒಂದೊಂದು ಹಿಡಿ ಶೇಂಗಾ ಹಿಂಡಿ ಹಾಕಿ, ಮಣ್ಣು ಮುಚ್ಚಿ, ನೀರು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಹದಿನಾಲ್ಕು ಸಸಿಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಪ್ರತಿ ಸಸಿಯ ಬುಡದಲ್ಲೂ ಮುಷ್ಟಿ ಹಿಡಿಸುವಷ್ಟು ಗುಂಡಿ. ಎಲೆ ತಿಂದಿರಲಿಲ್ಲ, ಕಾಂಡ ಕಡಿದಿರಲಿಲ್ಲ. ಹೆಗ್ಗಣಗಳು ಹಿಂಡಿಯನ್ನು ಮಾತ್ರ ಒಂದು ಚೂರೂ ಬಿಡದೆ ತಿಂದು, ಸಸಿಗಳನ್ನು ಪಕ್ಕಕ್ಕೆ ತಳ್ಳಿ ಹೋಗಿದ್ದವು. ಅಮ್ಮ ಬಾಗಿಲಲ್ಲೇ ನಿಂತು ನೋಡಿ, "ಎಲೆ ಹಾಕಿ ಬಡಿಸಿದವಳು ನೀನೇ ಅಲ್ಲವೇನೇ?" ಎಂದರು. ಅವರ ಮಾತು ಸರಿಯಾಗಿತ್ತು. ಆ ದಿನವೇ ಹಿತ್ತಲಿನ ತರಕಾರಿ ಮಡಿಯ ಕೆಲಸಕ್ಕೆಂದು ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಬರೆದುಕೊಂಡದ್ದನ್ನೇ ಇಲ್ಲಿ ಜೋಡಿಸಿದ್ದೇನೆ.

ನಮ್ಮದು ಚಳ್ಳಕೆರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಕೈಕೊಡುವುದೇ ರೂಢಿಯಾಗಿರುವ ಸೀಮೆ. ಮುಂಗಾರು ಪಶ್ಚಿಮ ಘಟ್ಟದ ಆಚೆಗೇ ಬರಿದಾಗಿ ನಮ್ಮ ಕಡೆಗೆ ಬರೀ ಗಾಳಿ ಕಳುಹಿಸುತ್ತದೆ. ನಮಗೆ ನಿಜವಾದ ಮಳೆಯೆಂದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಉತ್ತರೆ ಮತ್ತು ಹಸ್ತ. 2023ರಲ್ಲಿ ಅವೂ ಸರಿಯಾಗಿ ಬರಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತ್ತು. ಊರ ಸುತ್ತ ಎಲ್ಲಿ ನೋಡಿದರೂ ಶೇಂಗಾ ಹೊಲ, ಊರೊಳಗೆ ಎಣ್ಣೆ ಗಿರಣಿಗಳು. ಬಳ್ಳಿ ಕಿತ್ತ ಮೇಲೆ ಹೊಲ ಬರಿದಾಗುತ್ತದೆ. ಅಲ್ಲಿಯವರೆಗೆ ಕಾಯಿ ತಿಂದುಕೊಂಡಿದ್ದ ಇಲಿ, ಹೆಗ್ಗಣಗಳು ಮನೆಗಳ ಕಡೆ ತಿರುಗುತ್ತವೆ. ಬರದ ವರ್ಷ ಅವು ಒಂದು ತಿಂಗಳು ಮೊದಲೇ ಬಂದವು.

ಪಕ್ಕದ ಮನೆಯ ಅಜ್ಜಿಯ ಮನೆಮಾತು ತೆಲುಗು. ಆಂಧ್ರದ ಗಡಿ ಹತ್ತಿರವಿರುವ ನಮ್ಮಲ್ಲಿ ಅದು ಸಾಮಾನ್ಯ. ಅವರು ಹೆಗ್ಗಣವನ್ನು ಪಂದಿಕೊಕ್ಕು ಎನ್ನುತ್ತಾರೆ, ಅಂದರೆ ಹಂದಿ ಇಲಿ. ಇಂಗ್ಲಿಷಿನ ಬ್ಯಾಂಡಿಕೂಟ್ ಎಂಬ ಪದ ಹುಟ್ಟಿದ್ದೇ ಆ ತೆಲುಗು ಪದದಿಂದ. ರಾತ್ರಿ ಹಿತ್ತಲಿನಲ್ಲಿ ಅದು ಮಣ್ಣು ಕೆದರುತ್ತಾ ಗುರುಗುಟ್ಟುವುದನ್ನು ಕೇಳಿದವರಿಗೆ ಆ ಹೆಸರು ಎಷ್ಟು ತಕ್ಕದ್ದು ಎಂದು ಗೊತ್ತಾಗುತ್ತದೆ.

ಈ ತಗ್ಗು ಮಡಿ ಕಟ್ಟುವುದಕ್ಕೂ ಮೊದಲು ಮಾಡಿದ್ದನ್ನು ಚುಟುಕಾಗಿ ಹೇಳುತ್ತೇನೆ. ಬೋನು ಇಟ್ಟೆ. ಹೊಸ ವಸ್ತು ಕಂಡರೆ ಇವು ಹತ್ತಿರ ಬರುವುದಿಲ್ಲ. ಮೂರು ರಾತ್ರಿ ಬಾಗಿಲು ಕಟ್ಟಿಹಾಕಿ, ಒಳಗೆ ಕೊಬ್ಬರಿ ಇಟ್ಟು ರೂಢಿ ಮಾಡಿಸಿ, ನಾಲ್ಕನೆಯ ರಾತ್ರಿ ಬಾಗಿಲು ಬಿಡಬೇಕು. ಹಾಗೆ ನಾಲ್ಕು ಹೆಗ್ಗಣ ಸಿಕ್ಕವು. ಮೂರು ವಾರದಲ್ಲಿ ಅದೇ ಬಿಲಗಳಿಗೆ ಬೇರೆಯವು ಬಂದು ಸೇರಿಕೊಂಡವು. ಅಂಗಡಿಯವರು ಸತುವಿನ ಫಾಸ್ಫೈಡ್ ಪುಡಿ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಹೊಟ್ಟೆಯ ಆಮ್ಲ ತಗುಲಿದರೆ ಅದು ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಬೀದಿಯ ನಾಯಿ ತಿಂದರೂ ಅಷ್ಟೇ, ಮಗು ಮುಟ್ಟಿ ಬಾಯಿಗೆ ಕೈ ಇಟ್ಟರೂ ಅಷ್ಟೇ. ಹತ್ತಿರದ ಹಳೆಯ ಗಿರಣಿಯ ಮಾಡಿನಲ್ಲಿ ಒಂದು ಜೋಡಿ ಕಣಜ ಗೂಬೆಗಳಿವೆ. ನಮ್ಮ ಬೀದಿಯ ಇಲಿಗಳನ್ನು ರಾತ್ರಿಯಿಡೀ ಹಿಡಿಯುವ ಅವುಗಳ ಬಾಯಿಗೆ ವಿಷ ತಿಂದ ಇಲಿ ಬೀಳುವುದು ನನಗೆ ಬೇಡವಾಗಿತ್ತು.

ಇನ್ನೊಂದು ತಪ್ಪು ದೊಡ್ಡದು. ಮೊಬೈಲಿನಲ್ಲಿ ನೋಡಿ ಇಟ್ಟಿಗೆಯಿಂದ ಎರಡು ಅಡಿ ಎತ್ತರದ ಮಡಿ ಕಟ್ಟಿದ್ದೆ. ಎತ್ತರದ ಮಡಿ ಮಳೆ ಹೆಚ್ಚಿರುವ ನಾಡಿಗೆ ಸರಿ, ಅಲ್ಲಿ ನೀರು ಬಸಿದು ಹೋಗಬೇಕು. ನಮ್ಮಲ್ಲಿ ನಾಲ್ಕೂ ಕಡೆಯಿಂದ ಬಿಸಿಲು, ಗಾಳಿ ತಾಗಿ ಮಧ್ಯಾಹ್ನದ ಹೊತ್ತಿಗೆ ಮಣ್ಣು ಬೂದಿಯಾಗುತ್ತಿತ್ತು. ದಿನವೂ ಎರಡು ಕೊಡ ನೀರು ಸಾಲುತ್ತಿರಲಿಲ್ಲ. ನಮ್ಮ ಹಿರಿಯರು ಪಾತಿಯನ್ನು ಯಾವಾಗಲೂ ನೆಲಕ್ಕಿಂತ ತಗ್ಗಿನಲ್ಲಿ ಮಾಡುತ್ತಿದ್ದರು. ಆ ಬುದ್ಧಿವಂತಿಕೆ ಕಣ್ಣೆದುರೇ ಇದ್ದರೂ ನಾನು ನೋಡಿರಲಿಲ್ಲ.

ಜನವರಿ 2024: ಕಚ್ಚಿದ ಗುರುತುಗಳನ್ನು ಓದಿದ್ದು

ನಿಂಬೆ, ನುಗ್ಗೆ ಗಿಡಗಳಿಗೆ ಹಾಕಿದ್ದ ಹನಿ ನೀರಾವರಿಯ ಕಪ್ಪು ಪೈಪು ಪದೇ ಪದೇ ತೂತಾಗುತ್ತಿತ್ತು. ಹಲ್ಲು ಸವೆಸಿಕೊಳ್ಳಲು ಕಡಿಯುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಇಲಿ, ಅಳಿಲುಗಳ ಬಾಚಿಹಲ್ಲು ಜೀವನಪೂರ್ತಿ ಬೆಳೆಯುವುದರಿಂದ ಅದು ನಿಜವೂ ಹೌದು. ಆದರೆ ಪೈಪನ್ನು ಪೂರ್ತಿ ಎತ್ತಿ ಅಂಗಳದಲ್ಲಿ ಚಾಚಿ ನೋಡಿದಾಗ ಬೇರೆ ವಿಷಯ ಕಂಡಿತು. ಹದಿನೇಳು ಕಚ್ಚುಗಳಲ್ಲಿ ಹದಿನಾಲ್ಕು ಹನಿ ಬೀಳುವ ಬಾಯಿಗಳ ಪಕ್ಕದಲ್ಲೇ ಇದ್ದವು. ಬರಿದೇ ಹಲ್ಲು ಸವೆಸುವುದಾಗಿದ್ದರೆ ಪೈಪಿನ ಉದ್ದಕ್ಕೂ ಇರಬೇಕಿತ್ತಲ್ಲ? ಅವು ಬಂದದ್ದು ನೀರಿಗೆ.

ಅಲ್ಲಿಂದ ಯೋಚನೆಯೇ ಬದಲಾಯಿತು. ಸುತ್ತ ಒಣಗಿ ಬಿರಿದ ನೆಲದಲ್ಲಿ ನಾನು ದಿನವೂ ಒದ್ದೆ ಮಾಡುವ ಮಣ್ಣು ಒಂದೇ. ಅಗೆಯಲು ಮೆತ್ತಗೆ, ನೆಕ್ಕಲು ನೀರು, ಹುಳು, ಬೇರು, ಕೊನೆಗೆ ಹಿಂಡಿಯ ವಾಸನೆ ಬೇರೆ. ನೀರಿನ ಕೊರತೆ ಬೇರೆ, ಹೆಗ್ಗಣದ ಕಾಟ ಬೇರೆ ಎಂದು ಎರಡಕ್ಕೂ ಬೇರೆ ಬೇರೆ ಉಪಾಯ ಹುಡುಕುತ್ತಿದ್ದೆ. ಎರಡೂ ಒಂದೇ. ಮೇಲ್ಮಣ್ಣು ಒಣಗಿದ್ದು ಬೇರಿನ ಹತ್ತಿರ ಮಾತ್ರ ತೇವವಿರಬೇಕು, ಆ ತೇವಕ್ಕೆ ಕೆಳಗಿನಿಂದಲೂ ದಾರಿ ಇರಬಾರದು. ಹೀಗೆ ತಗ್ಗಿನಲ್ಲಿ ಜಾಲರಿಯ ತೊಟ್ಟಿ, ಅದರೊಳಗೆ ಹೂತ ಮಡಕೆ ಎಂಬ ನಕ್ಷೆ ಆಯಿತು.

ಫೆಬ್ರವರಿ 2024: ಕಟ್ಟಿದ್ದು

ಗುಂಡಿ ತೆಗೆಯುವ ಮುನ್ನ ಬದುಕಿರುವ ಬಿಲ ಯಾವುದು ಎಂದು ತಿಳಿಯಬೇಕು. ಸಂಜೆ ಹಿತ್ತಲಿನ ಹನ್ನೊಂದು ಬಿಲಗಳನ್ನೂ ಮಣ್ಣಿನಿಂದ ಮುಚ್ಚಿದೆ. ಬೆಳಿಗ್ಗೆ ಮೂರು ಮಾತ್ರ ತೆರೆದಿದ್ದವು. ಮೂರೂ ಸೌದೆ ರಾಶಿ ಮತ್ತು ತೆಂಗಿನ ಗರಿಗಳ ಅಡಿಯಲ್ಲಿದ್ದವು. ರಾಶಿಯನ್ನು ಅಲ್ಲಿಂದ ತೆಗೆದು ಕಲ್ಲಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಪೇರಿಸಿದೆವು. ಈ ಕೆಲಸಕ್ಕೆ ರಬ್ಬರ್ ಕೈಗವಸು ಹಾಕಿಕೊಳ್ಳಲೇಬೇಕು. ಇಲಿಯ ಮೂತ್ರ ಬಿದ್ದ ಒದ್ದೆ ಮಣ್ಣು ಕೈಯ ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು.

ಗುಂಡಿ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ. ನಮ್ಮದು ಗರಸು ಬೆರೆತ ಕೆಂಪು ಮಣ್ಣು, ಆದ್ದರಿಂದ ತಗ್ಗಿನ ಮಡಿಯಲ್ಲಿ ನೀರು ನಿಲ್ಲುವ ಭಯವಿಲ್ಲ. ಎರೆ ನೆಲದವರು ಹೀಗೆ ಮಾಡಬಾರದು. ಹಿಂಗಾರಿನಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಇಲಿಗೆ ಸಿದ್ಧ ಬಿಲವಾಗುತ್ತದೆ.

ಜಾಲರಿಯ ವಿಷಯದಲ್ಲಿ ಜಿಪುಣತನ ಬೇಡ ಎಂದು ಕೇಳಿಕೊಳ್ಳುತ್ತೇನೆ. ಹಿಂದೆ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಹಾಕಿ ನೋಡಿದ್ದೆ. ತಂತಿ ತೆಳು, ಹೆಗ್ಗಣ ಅದನ್ನು ಹಗ್ಗದಂತೆ ಎಳೆದು ಅಗಲಿಸಿತ್ತು. ಈ ಬಾರಿ ಸತು ಲೇಪಿಸಿದ, ಬೆಸುಗೆ ಹಾಕಿದ, ಅರ್ಧ ಇಂಚು ಚೌಕದ ಜಾಲರಿ ತಂದೆ. ಅರ್ಧ ಇಂಚು ಹೆಗ್ಗಣಕ್ಕೂ ದೊಡ್ಡ ಇಲಿಗೂ ಸಾಕು. ಸುಂಡಿಲಿಯನ್ನೂ ತಡೆಯಬೇಕೆಂದರೆ ಕಾಲು ಇಂಚಿನದೇ ಬೇಕು, ಅದರ ಬೆಲೆ ನನ್ನ ಕೈಗೆ ಎಟುಕಲಿಲ್ಲ.

ಲೆಕ್ಕ ಹೀಗೆ. ಮೂರು ಅಡಿ ಅಗಲದ ಸುರುಳಿ. ತಳಕ್ಕೆ ಎಂಟು ಅಡಿ ಉದ್ದದ ಒಂದು ತುಂಡು. ಸುತ್ತಲಿನ ಗೋಡೆಗೆ ಇಪ್ಪತ್ತೆರಡು ಅಡಿ, ಕೂಡುವಲ್ಲಿ ಒಂದರ ಮೇಲೊಂದು ಬರಲು ಅರ್ಧ ಅಡಿ. ಕತ್ತರಿಸುವಾಗ ಹಾಳಾಗುವುದನ್ನೂ ಸೇರಿಸಿ ಮೂವತ್ತೆರಡು ಅಡಿ ತಂದೆ. ಗೋಡೆಯ ಮೂರು ಅಡಿಯಲ್ಲಿ ಕೆಳಗಿನ ಅರ್ಧ ಅಡಿಯನ್ನು ಒಳಕ್ಕೆ ಮಡಿಸಿ ತಳದ ಜಾಲರಿಯ ಮೇಲೆ ಕೂರಿಸಬೇಕು. ಒಂದೂವರೆ ಅಡಿ ನೆಲದೊಳಗೆ, ಒಂದು ಅಡಿ ನೆಲದ ಮೇಲೆ. ಗೋಡೆಯನ್ನೂ ತಳವನ್ನೂ ನಾಲ್ಕು ಬೆರಳಿಗೊಂದರಂತೆ ಕಟ್ಟುತಂತಿಯಿಂದ ಬಿಗಿದೆ. ಒಂದು ಇಡೀ ದಿನ ಗುಂಡಿಯೊಳಗೆ ಮಂಡಿಯೂರಿ ಕೂತು ಮಾಡಿದ ಕೆಲಸ ಇದೊಂದೇ. ಆ ಸಂಜೆ ಬೆರಳುಗಳು ಮಡಚುತ್ತಿರಲಿಲ್ಲ.

ಮಡಿಸಬೇಕೆಂದರೆ ಮೂಲೆಗಳಲ್ಲಿ ಜಾಲರಿಯನ್ನು ಸೀಳಬೇಕು. ನೈಋತ್ಯ ಮೂಲೆಯಲ್ಲಿ ಆ ಸೀಳು ಎರಡು ಇಂಚಿನಷ್ಟು ಬಾಯಿಬಿಟ್ಟದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಅದರ ಕತೆ ಮುಂದೆ ಬರುತ್ತದೆ.

ಮಡಕೆಗಳನ್ನು ಸಂತೆಯಲ್ಲಿ ಕೊಂಡೆ. ಐದಾರು ಲೀಟರ್ ಹಿಡಿಯುವ, ಬಾಯಿ ಕಿರಿದಾದ, ಬಣ್ಣ ಬಳಿಯದ ಮಡಕೆ ಬೇಕೆಂದಾಗ ಮಾರುವ ಯಜಮಾನರು, "ಕುಡಿಯುವ ನೀರಿಗಾದರೆ ಇದನ್ನು ಬಿಡಿ ತಾಯಿ, ಇದು ಜಿನುಗುತ್ತದೆ" ಎಂದು ಒಂದು ಸಾಲನ್ನು ಪಕ್ಕಕ್ಕೆ ಸರಿಸಿದರು. ನನಗೆ ಬೇಕಿದ್ದದ್ದು ಆ ಸಾಲೇ. ಮನೆಗೆ ತಂದು ನೀರು ತುಂಬಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಹೊರಮೈ ಎಲ್ಲೆಡೆ ಒಂದೇ ಸಮನೆ ಬೆವರಿದ್ದ ಮೂರನ್ನು ಆರಿಸಿದೆ. ನಾಲ್ಕನೆಯದು ಬಿರುಕಿನಿಂದ ಸೋರುತ್ತಿತ್ತು, ಅದನ್ನು ಬಿಟ್ಟೆ. ಹೂತ ಮಡಕೆಯ ಗುಣವೇನೆಂದರೆ ಸುತ್ತಲಿನ ಮಣ್ಣು ಒಣಗಿದಾಗ ನೀರನ್ನು ಎಳೆದುಕೊಳ್ಳುತ್ತದೆ, ಒದ್ದೆಯಾದಾಗ ಎಳೆತ ತಾನಾಗಿ ನಿಲ್ಲುತ್ತದೆ. ಕೊಳಾಯಿ ಬೇಡ, ವಿದ್ಯುತ್ ಬೇಡ, ಕಡಿಯಲು ಪೈಪೂ ಇಲ್ಲ.

ಉದ್ದದ ನಡುಗೆರೆಯಲ್ಲಿ ಒಂದೂವರೆ, ನಾಲ್ಕು ಮತ್ತು ಆರೂವರೆ ಅಡಿಗೆ ಮಡಕೆಗಳನ್ನು ಇಟ್ಟೆ. ತೇವ ಮಡಕೆಯಿಂದ ಸುಮಾರು ಒಂದಡಿ ದೂರಕ್ಕೆ ಹರಡುತ್ತದೆ, ಅದಕ್ಕಾಗಿ ಈ ಅಂತರ. ಬಾಯಿ ಮಣ್ಣಿನಿಂದ ಎರಡು ಇಂಚು ಮೇಲೆ. ಪ್ರತಿಯೊಂದಕ್ಕೂ ಮಣ್ಣಿನ ಮುಚ್ಚಳ, ಅದರ ಮೇಲೆ ಕಲ್ಲು. ಇಲ್ಲವಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ತೆಗೆದ ಮಣ್ಣನ್ನೇ ಜರಡಿ ಹಿಡಿದು, ಮೂರು ಪಾಲಿಗೆ ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಟ್ಟಿಗೆ ಎರಡು ಕಿಲೋ ಬೇವಿನ ಹಿಂಡಿ ಬೆರೆಸಿ, ನೆಲಮಟ್ಟಕ್ಕಿಂತ ನಾಲ್ಕು ಇಂಚು ಕೆಳಗೆ ನಿಲ್ಲುವಂತೆ ತುಂಬಿದೆ. ಶೇಂಗಾ ಹಿಂಡಿ ನಮ್ಮೂರಿನಲ್ಲಿ ಸುಲಭವಾಗಿ ಸಿಗುವ ಒಳ್ಳೆಯ ಗೊಬ್ಬರ, ಆದರೆ ಹೆಗ್ಗಣವಿರುವ ಹಿತ್ತಲಿಗೆ ಅದು ತಕ್ಕದ್ದಲ್ಲ. ಮುಚ್ಚಿಗೆಗೆ ಶೇಂಗಾ ಸಿಪ್ಪೆಯೂ ಬೇಡ, ಅದರಲ್ಲಿ ಉಳಿದ ಕಾಳಿನ ಚೂರುಗಳೇ ಸಾಕು ಅವುಗಳನ್ನು ಕರೆಯಲು. ಬೇವು, ಹೊಂಗೆಯ ಒಣ ಎಲೆಯನ್ನು ಎರಡು ಬೆರಳು ದಪ್ಪಕ್ಕೆ ಹರಡಿದೆ. ಅದಕ್ಕಿಂತ ದಪ್ಪ ಮಾಡಿದರೆ ಅದೇ ಅಡಗುತಾಣವಾಗುತ್ತದೆ.

ಮಡಿಯ ಮೇಲಿನ ಪಂಜರ ಅಳಿಲನ್ನು ತಡೆಯಲು. ಹಿಂದಿನ ಬೇಸಿಗೆಯಲ್ಲಿ ಟೊಮೆಟೊ ಮೇಲೆ ನೈಲಾನ್ ಬಲೆ ಹೊದಿಸಿದ್ದೆ. ಒಂದು ಮಧ್ಯಾಹ್ನ ಅದರಲ್ಲಿ ಕೇರೆ ಹಾವು ಸಿಕ್ಕಿಕೊಂಡಿತ್ತು. ಮುಂದೆ ನುಗ್ಗಿದಷ್ಟೂ ನೂಲು ಹುರುಪೆಗಳ ನಡುವೆ ಇಳಿದು ಮೈ ಕೊರೆದಿತ್ತು. ಊರಿನಲ್ಲಿ ಹಾವು ಹಿಡಿಯುವ ಹುಡುಗ ಬಂದು ಅದರ ತಲೆಯನ್ನು ಬಟ್ಟೆಯಲ್ಲಿ ಮೆದುವಾಗಿ ಹಿಡಿದ, ನಾನು ಹೊಲಿಗೆಯ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ನಲವತ್ತು ನಿಮಿಷ ಹಿಡಿಯಿತು. ವಿಷವಿಲ್ಲದ, ಇಲಿಯನ್ನೇ ತಿಂದು ಬದುಕುವ, ನಮ್ಮ ಹಿತ್ತಲಿನ ಕಾವಲು ಕಾಯುವ ಜೀವವನ್ನು ನನ್ನ ಕೈಯಾರೆ ಉರುಲಿಗೆ ಹಾಕಿದ್ದೆ. ಬಿಡಿಸಿದ ಮೇಲೆ ಅದು ಸ್ವಲ್ಪ ಹೊತ್ತು ಅಲುಗಾಡದೆ ಮಲಗಿ, ಆಮೇಲೆ ಬೇಲಿ ದಾಟಿತು. ಅಂದಿನಿಂದ ನಮ್ಮ ಮನೆಯಲ್ಲಿ ನೈಲಾನ್ ಬಲೆ ಇಲ್ಲ.

ಆದ್ದರಿಂದ ವೆಲ್ಡಿಂಗ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಚೌಕ ಪೈಪಿನ ಚೌಕಟ್ಟು ಮಾಡಿಸಿದೆ. ನಾಲ್ಕು ಕಾಲುಗಳನ್ನು ಒಂದಡಿ ನೆಲದೊಳಗೆ ಇಳಿಸಿ, ನೆಲದ ಮೇಲಿನ ಜಾಲರಿಗೆ ಬಿಗಿದು, ಪಕ್ಕಗಳಿಗೂ ಮೇಲಕ್ಕೂ ಅದೇ ಅರ್ಧ ಇಂಚಿನ ಜಾಲರಿ. ಒಳಗೆ ಮೂರು ಅಡಿ ಎತ್ತರ. ಪೂರ್ವಕ್ಕೆ ಎರಡು ಬಾಗಿಲು, ಪಶ್ಚಿಮಕ್ಕೂ ನೆತ್ತಿಗೂ ಐವತ್ತು ಶೇಕಡಾ ನೆರಳಿನ ಹಸಿರು ಬಟ್ಟೆ. ಅದನ್ನು ಮಾರ್ಚ್‌ನಿಂದ ಮೇ ಕೊನೆಯವರೆಗೆ ಮಾತ್ರ ಕಟ್ಟುವುದು. ಎಲ್ಲಾ ಸೇರಿ ಏಳೂವರೆ ಸಾವಿರ ರೂಪಾಯಿ ಆಯಿತು, ಅರ್ಧಕ್ಕಿಂತ ಹೆಚ್ಚು ಪಂಜರಕ್ಕೇ.

ಮಾರ್ಚ್‌ನಿಂದ ಮೇ 2024: ನೀರು, ದುಂಬಿ, ಮೂಲೆ

ಎಂಟು ಬದನೆ, ನಾಲ್ಕು ಟೊಮೆಟೊ, ಅಂಚಿನಲ್ಲಿ ದಂಟಿನ ಸೊಪ್ಪು. ಸಸಿ ನೆಟ್ಟ ಮೊದಲ ಹನ್ನೆರಡು ದಿನ ಚೊಂಬಿನಿಂದ ಬುಡಕ್ಕೆ ನೀರು ಕೊಡಲೇಬೇಕು, ಎಳೆಯ ಬೇರು ಮಡಕೆಯವರೆಗೆ ತಲುಪಿರುವುದಿಲ್ಲ. ಆಮೇಲೆ ಏಪ್ರಿಲ್‌ನ ಉರಿಯಲ್ಲೂ ಎರಡು ದಿನಕ್ಕೊಮ್ಮೆ ಮೂರು ಮಡಕೆಗಳಿಗೆ ಸೇರಿ ಹದಿನೈದು ಲೀಟರ್ ಸಾಕಾಯಿತು. ಎತ್ತರದ ಮಡಿಗೆ ದಿನವೂ ಸುರಿಯುತ್ತಿದ್ದದ್ದಕ್ಕೆ ಹೋಲಿಸಿದರೆ ಕಾಲು ಭಾಗ. ಮೇಲ್ಮಣ್ಣು ಒಣಗಿಯೇ ಇರುತ್ತಿತ್ತು, ಕಳೆಯೂ ಕಡಿಮೆ.

ಹಿತ್ತಲಿನ ಇನ್ನೊಂದು ತುದಿಯಲ್ಲಿ ಬೇವಿನ ಮರದ ಕೆಳಗೆ ಅಗಲವಾದ ಮಣ್ಣಿನ ಬಾನಿ ಇಟ್ಟು, ದಿನವೂ ಬೆಳಿಗ್ಗೆ ತೊಳೆದು ನೀರು ತುಂಬಿದೆ. ಅಳಿಲು, ಗೊರವಂಕ, ಪಿಕಳಾರ ಎಲ್ಲವೂ ಅಲ್ಲಿಗೆ ಬಂದವು. ನಿಂಬೆ, ನುಗ್ಗೆಯ ಪೈಪಿನಲ್ಲಿ ಹಿಂದಿನ ಏಪ್ರಿಲ್‌ನಲ್ಲಿ ಒಂಬತ್ತು ತೂತುಗಳನ್ನು ಮುಚ್ಚಿದ್ದೆ. ಈ ಏಪ್ರಿಲ್‌ನಲ್ಲಿ ಎರಡು. ಪೂರ್ತಿ ನಿಂತಿಲ್ಲ. ಆದರೆ ದಿನಕ್ಕೆ ಎರಡು ಲೀಟರ್ ನೀರಿಗೆ ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ.

ಏಪ್ರಿಲ್ ನಡುವಿನಲ್ಲಿ ಬದನೆ ತುಂಬಾ ಹೂ ಬಿಟ್ಟಿತು. ಒಂದೂ ಕಾಯಿ ಕಚ್ಚದೆ ಹೂಗಳು ಉದುರಿದವು. ಬಿಸಿಲಿಗೆ ಎಂದುಕೊಂಡೆ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಲ್ಲೇ ಕೂತಿದ್ದಾಗ ಮರ ಕೊರೆಯುವ ದೊಡ್ಡ ಕರಿ ದುಂಬಿಯೊಂದು ಜಾಲರಿಯ ಹೊರಗೆ ಹಾರುತ್ತಾ, ಒಂದು ಕಣ್ಣಿಗೆ ಮುಖ ಇಟ್ಟು, ಹಿಂದೆ ಸರಿದು, ಇನ್ನೊಂದಕ್ಕೆ ಹೋಗುತ್ತಿತ್ತು. ಒಳಗೆ ಬರಲು ಅದಕ್ಕೆ ಜಾಗವೇ ಇರಲಿಲ್ಲ. ಬದನೆ, ಟೊಮೆಟೊ ಹೂವಿನ ಪರಾಗ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಇಂಥ ದುಂಬಿಗಳು ಹೂವನ್ನು ಅಪ್ಪಿ ಝೇಂಕರಿಸಿ ನಡುಗಿಸಿದಾಗ ಅದು ಚೆನ್ನಾಗಿ ಉದುರುತ್ತದೆ. ಜೇನ್ನೊಣಕ್ಕೆ ಹಾಗೆ ನಡುಗಿಸಲು ಬರುವುದಿಲ್ಲ. ಹೆಗ್ಗಣವನ್ನು ಹೊರಗಿಡುವ ಭರದಲ್ಲಿ ಇದನ್ನೂ ಹೊರಗಿಟ್ಟಿದ್ದೆ. ಅಂದಿನಿಂದ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಎರಡೂ ಬಾಗಿಲು ತೆರೆದಿಡುತ್ತೇನೆ. ಆ ಹೊತ್ತಿನಲ್ಲಿ ಅಮ್ಮ ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿರುವುದರಿಂದ ಅಳಿಲು ಹತ್ತಿರ ಸುಳಿಯುವುದಿಲ್ಲ. ಮೋಡ ಮುಸುಕಿ ದುಂಬಿ ಬಾರದ ದಿನ ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತೇನೆ. ಎರಡೇ ವಾರದಲ್ಲಿ ಕಾಯಿ ಕಚ್ಚಿತು.

ಮೇ 11ರಂದು ನೈಋತ್ಯ ಮೂಲೆಯ ಬದನೆ ಗಿಡ ಬಾಡಿತು. ಎಳೆದರೆ ಸಲೀಸಾಗಿ ಕೈಗೆ ಬಂತು, ಬೇರು ಇರಲಿಲ್ಲ. ಆ ಮೂಲೆಯನ್ನು ಅಗೆದಾಗ ನಾನು ಗಮನಿಸದೆ ಬಿಟ್ಟಿದ್ದ ಎರಡು ಇಂಚಿನ ಸೀಳು ಸಿಕ್ಕಿತು, ಅದರಲ್ಲಿ ನುಣುಪಾದ ಸುರಂಗವೂ. ಹೆಗ್ಗಣದ ಮರಿ ಇರಬೇಕು. ಜಾಲರಿಯ ಅಂಗೈಯಗಲದ ತುಂಡನ್ನು ಎರಡು ಪದರ ಮಾಡಿ ತೇಪೆ ಹಾಕಿ, ಹದಿನಾರು ಕಡೆ ತಂತಿ ಬಿಗಿದೆ. ಉಳಿದ ಮೂರು ಮೂಲೆಗಳನ್ನೂ ಅದೇ ದಿನ ಅಗೆದು ನೋಡಿದೆ, ಸರಿಯಾಗಿದ್ದವು. ಮಣ್ಣು ತುಂಬುವ ಮುನ್ನ ಎಲ್ಲಾ ಕೂಡುಗಳ ಮೇಲೂ ಬರಿಗೈ ಬೆರಳನ್ನು ಓಡಿಸಿ ನೋಡಬೇಕು. ಎರಡು ಬೆರಳು ಹೋಗುವ ಕಡೆ ಮರಿಯೂ ಹೋಗುತ್ತದೆ.

ಜುಲೈನಿಂದ ನವೆಂಬರ್ 2024

ಆಷಾಢದ ಗಾಳಿಗೆ ಬಿಟ್ಟ ಮಡಿಗಳೆಲ್ಲ ಒಣಗುವಾಗ ತಗ್ಗಿನ ಮಡಿಗೆ ಏನೂ ಆಗಲಿಲ್ಲ. ಆದರೆ ಜುಲೈನಲ್ಲಿ ಮೂರನೆಯ ಮಡಕೆ ಸೋಮಾರಿಯಾಯಿತು. ತುಂಬಿ ಐದು ದಿನವಾದರೂ ಅರ್ಧ ಹಾಗೆಯೇ ಉಳಿದಿತ್ತು. ನಮ್ಮ ಕೊಳವೆಬಾವಿಯ ನೀರು ಗಡಸು. ಕಾಯಿಸುವ ಪಾತ್ರೆಗೆ ಕಟ್ಟುವ ಅದೇ ಬಿಳಿ ಕಿಟ್ಟ ಮಡಕೆಯ ಸಣ್ಣ ರಂಧ್ರಗಳನ್ನು ಮುಚ್ಚಿತ್ತು. ಮಡಕೆಯನ್ನು ಎತ್ತಿ ಒಂದು ರಾತ್ರಿ ಹುಣಸೆಹುಳಿ ನೀರಿನಲ್ಲಿ ಇಟ್ಟು, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿದೆ. ಮೊದಲಿನಷ್ಟು ಅಲ್ಲದಿದ್ದರೂ ಮತ್ತೆ ಜಿನುಗತೊಡಗಿತು. ಈಗ ಮಳೆ ಬಂದಾಗ ಮಾಡಿನ ನೀರನ್ನು ಡ್ರಮ್ಮಿಗೆ ಹಿಡಿದು ಮಡಕೆಗಳಿಗೆ ಅದನ್ನೇ ಮೊದಲು ಹಾಕುತ್ತೇನೆ. ಒಂದು ಮಡಕೆ ಹೆಚ್ಚಿಗೆ ತಂದಿಟ್ಟಿದ್ದೇನೆ.

ನಿಜವಾದ ಪರೀಕ್ಷೆ ಶೇಂಗಾ ಕಿತ್ತ ಮೇಲೆ. ನವೆಂಬರ್ ಮೊದಲ ವಾರದಿಂದಲೇ ರಾತ್ರಿ ಗುರುಗುಟ್ಟುವ ಸದ್ದು ಕೇಳತೊಡಗಿತು. ಬೆಳಿಗ್ಗೆ ನೋಡಿದರೆ ಜಾಲರಿಯ ಹೊರಗೆ ಮೂರು ಕಡೆ ತಾಜಾ ಮಣ್ಣಿನ ಗುಡ್ಡೆ. ಒಂದು ಕಡೆ ಅಗೆದು ನೋಡಿದೆ: ಸುರಂಗ ಗೋಡೆಯ ಜಾಲರಿಯವರೆಗೆ ಬಂದು, ಅದರ ಪಕ್ಕದಲ್ಲೇ ಒಂದಡಿ ಕೆಳಗಿಳಿದು, ತಿರುಗಿ ಹೊರಗೆ ಹೋಗಿತ್ತು. ನವೆಂಬರ್ 24ರವರೆಗೆ ಒಳಗಿನ ಒಂದು ಗಿಡಕ್ಕೂ ಹಾನಿಯಾಗಿಲ್ಲ. ಎರಡನೆಯ ಸರದಿಯ ಏಳು ಬದನೆ ಗಿಡಗಳಿಂದ ಈ ತಿಂಗಳು ಒಂಬತ್ತು ಕಿಲೋ ಕಾಯಿ ಬಂತು. ಮೊದಲ ಬುಟ್ಟಿಯನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಮರುದಿನ ಅವರು ಗುತ್ತಿವಂಕಾಯ, ಅಂದರೆ ಎಣ್ಣೆಗಾಯಿ, ಮಾಡಿ ಅದೇ ಬುಟ್ಟಿಯಲ್ಲಿ ಡಬ್ಬಿ ಇಟ್ಟು ಕಳುಹಿಸಿದರು. ಜೊತೆಗೆ, "ನಮ್ಮ ಹಿತ್ತಲಿನಲ್ಲೂ ಒಂದು ಮಾಡಿಕೊಡಮ್ಮ" ಎಂದು ಹೇಳಿಕಳುಹಿಸಿದರು.

ಪಶ್ಚಿಮದ ಬದಿಯಲ್ಲಿ ನೆಲಮಟ್ಟದಲ್ಲೇ ಜಾಲರಿಯ ಸತು ಲೇಪ ಮಾಸಿ ಒಂದು ಗೇಣು ಉದ್ದ ತುಕ್ಕಿನ ಬಣ್ಣ ಕಾಣಿಸಿದೆ, ಅಲ್ಲಿಗೆ ಡಾಂಬರು ಬಣ್ಣ ಬಳಿಯಬೇಕು. ಅಜ್ಜಿಯ ಹಿತ್ತಲಿಗೆ ದಾರ ಹಿಡಿದು ಗೂಟ ಹೊಡೆದಾಗಿದೆ. ಅವರಿಗೆ ಬಗ್ಗಲು ಆಗುವುದಿಲ್ಲ, ಹಾಗಾಗಿ ಅಗಲ ಎರಡೂವರೆ ಅಡಿ, ಬಾಗಿಲು ಎರಡೂ ಕಡೆ. ಮೂಲೆಗಳ ತೇಪೆಗಳನ್ನು ಈ ಬಾರಿ ಮೊದಲೇ ಕತ್ತರಿಸಿ ಇಟ್ಟುಕೊಂಡಿದ್ದೇನೆ.